ತಲೆಕೆಳಗಾಗಿ ತೂಗಿದ ಲೋಳಸರ

ನಿನ್ನೆ ಹಿತ್ತಲಲ್ಲಿ ಯಾರೋ ಹೊಗೆಸೊಪ್ಪು ನೆನೆಹಾಕಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದುರು ಮನೆಯ ಹಿರಿಯಾಕೆ, ನಾವೆಲ್ಲ ಕಾಕು ಎನ್ನುತ್ತಿದ್ದವರು, ನೆನಪಾದರು...

ದಾಂಡೇಲಿಯ ನಮ್ಮ ಚಾಳಿನಲ್ಲಿ ನಾನು ಅಣಕಿಸದವರಿರಲಿಲ್ಲ. ಕಾರ್ಖಾನೆಯ ಮುಕಾದಮರ ಕೆಮ್ಮು, ಐನಾರ ಮೂಗಿನ ಮಂತ್ರ, ಕನ್ಯೆ ನೋಡಲು ಹೋಗಿ ತೊದಲಿದ ನನ್ನದೇ ಮಾತು, ಎಲ್ಲವೂ ನನ್ನ ಸರಕು. ಕಾಕುವಿನದು ಮಾತು ಕಡಿಮೆ. ಮಾತಾಡಿದರೆ ತಗಡಿನ ಡಬ್ಬಿಯಲ್ಲಿದ್ದ ಲೋಳಸರದ ಗಿಡದ ಕೂಡ.

ಒಂದು ಮಳೆಗಾಲ ನಾನು ಪಾಳಿ ಮುಗಿಸಿ ಬಂದಾಗ, ಆ ಲೋಳಸರ ಅವರ ಬಾಗಿಲ ಮೇಲೆ ತಲೆಕೆಳಗಾಗಿ ತೂಗುತ್ತಿತ್ತು. ಕೆಟ್ಟ ದೃಷ್ಟಿ ತಾಗದಿರಲೆಂದು ಕಟ್ಟುತ್ತಾರಲ್ಲ, ಥೇಟ್ ಹಾಗೆ. ನನ್ನ ಬಾಗಿಲಿಗೆ ನೇರ ಎದುರು!

"ನಿನ್ನ ನಾಲಿಗಿಗೆ ಹೆದರಿ ಕಟ್ಯಾರಲೇ!" ಎಂದು ಗೆಳೆಯರು ನಕ್ಕರು.

ನನಗೆ ಉರಿಯಿತು. ಸಂಜೆ ನಳದ ಹತ್ತಿರ, ಕೊಡ ಹಿಡಿದು ನಿಂತವರ ಮುಂದೆ ಟವೆಲ್ಲನ್ನೇ ಸೆರಗಿನಂತೆ ಹೊದ್ದು ಕಾಕುವಿನ ದನಿ ತೆಗೆದೆ: "ಯಾಕ ಸಪ್ಪಗಾದೀಯವ್ವಾ ನನ್ನ ಕೂಸ? ಯಾರರ ಏನರ ಅಂದ್ರೇನ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ತಟ್ಟನೆ ನಿಂತಿತು. ಹಿಂದೆ ಕಾಕು ನಿಂತಿದ್ದರು.

"ಛಲೋ ಅಂತೀಪಾ, ಥೇಟ್ ನಂದ ದನಿ," ಎಂದರು. "ಹತ್ತಿಯಂಥಾ ಬಿಳಿ ಹುಳ ಬಿದ್ದು ಅದರ ಬೇರ ಕೊಳತಾವು ತಮ್ಮಾ. ಕೊಳತಿದ್ದನ್ನ ಕೊಯ್ದು, ಬೂದಿ ಹಚ್ಚಿ, ಗಾಯ ಒಣಗಲಿ ಅಂತ ಕಟ್ಟೇನಿ. ನಿನಗಂತಲ್ಲ."

ಖಾಲಿ ಕೊಡದೊಂದಿಗೇ ಮರಳಿದರು. ಅದು ಹೆರಿಗೆಗೆ ಬಂದು ತೀರಿಕೊಂಡ ಅವರ ಮಗಳು ನೆಟ್ಟ ಗಿಡವೆಂದು ನಳದ ಹತ್ತಿರದವರೇ ಹೇಳಿದರು. ಟವೆಲ್ಲು ಇನ್ನೂ ನನ್ನ ತಲೆಯ ಮೇಲೇ ಇತ್ತು.

ಮುಂದೆ ದಿನವೂ ನೋಡಿದೆ. ಹೊಗೆಸೊಪ್ಪಿನ ನೀರಲ್ಲಿ ಬಟ್ಟೆ ಅದ್ದಿ ಎಲೆಯ ಸಂದಿ ಒರೆಸುತ್ತಿದ್ದರು. ಗಾಯ ಒಣಗಿದ ಮೇಲೆ ಒಣ ಉಸುಕಿನಲ್ಲಿ ನಿಲ್ಲಿಸಿದರು. ಬೇರು ಬರುವವರೆಗೆ ನೀರು ಸೋಕಿಸಲಿಲ್ಲ. ಗಿಡ ಚಿಗುರಿತು. ಆದರೆ ಅದರ ಕೂಡ ಕಾಕು ಮಾತಾಡಿದ್ದು ಮತ್ತೆ ಕೇಳಲಿಲ್ಲ. ನನ್ನ ಬಾಗಿಲು ತೆರೆದರೆ ಸಾಕು, ಅವರ ತುಟಿ ನಿಲ್ಲುತ್ತಿತ್ತು...

ಹೋದ ವರ್ಷ ಕಾಕು ಜ್ವರದಲ್ಲಿ ತೀರಿಕೊಂಡರು. ಇವತ್ತು ಮುಂಜಾನೆ ಅವರ ಗಂಡ ಕಾಕಾ ನನ್ನ ಕಟ್ಟೆಯ ಮೇಲೆ ಬಂದು ಕೂತರು. "ತಮ್ಮಾ, ನಾ ಸಿಟ್ಟಾಗೂದಿಲ್ಲ. ಆಕಿ ಗಿಡದ ಕೂಡ ಮಾತಾಡತಿದ್ಲಲ್ಲ... ಹಂಗ ಆಕಿ ದನಿಲೆ ಒಮ್ಮಿ ಮಾತಾಡು," ಎಂದರು.

ಬಾಯಿ ತೆರೆದೆ. ದನಿ ಹೊರಡಲಿಲ್ಲ. ಕಾಕಾ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು.