ಓದಲು ಬರುವಂತೆ ಕಟ್ಟಿದವರು

ಅವರ ಬಲಮಂಡಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಮೇಜು ನಡುಗುತ್ತಿತ್ತು, ನನ್ನ ಲೋಟದ ಟೀ ತುಳುಕುತ್ತಿತ್ತು. ಕೋಲಾರದ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಆಗ ನಾವಿಬ್ಬರೇ. ಮುಳಬಾಗಿಲಿನವರಾದ ಅವರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು.

ಡಯಾಲಿಸಿಸ್ ರೋಗಿಗಳಿಗೆ ಸರದಿಯ ಮೆಸೇಜು, ಅವರನ್ನು ಕರೆತರುವ ವ್ಯಾನ್ ಡ್ರೈವರಿಗೆ ಇನ್ನೊಂದು, ಲ್ಯಾಬಿನ ರಿಪೋರ್ಟು ಡಾಕ್ಟರಿಗೆ. ಇದೆಲ್ಲ ತಾನಾಗಿ ಹೋಗುವಂತೆ ಹಿಂದಿನವರು ಕಂಪ್ಯೂಟರ್ ಪರದೆಯ ಮೇಲೆ ಒಂದೊಂದು ಹಂತಕ್ಕೂ ಒಂದೊಂದು ಚೌಕವಿಟ್ಟು, ಗೆರೆ ಎಳೆದು ಜೋಡಿಸಿದ್ದರು. ಒಬ್ಬೊಬ್ಬರೂ ತಮ್ಮದೊಂದಷ್ಟು ಸೇರಿಸಿ ಹೋಗಿದ್ದರು. ಚೌಕಗಳಿಗೆ ‘ಹೊಸದು’, ‘ಹೊಸದು ಎರಡು’ ಎಂಬಂಥ ಹೆಸರು; ಗೆರೆಗಳು ಒಂದರ ಮೇಲೊಂದು. ಅದನ್ನು ನೋಡಿದಾಗಲೆಲ್ಲ ಭಾಯ್ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದರು. “ಓದಕ್ಕಾಗ್ದೇ ಇರೋದು ಓಡ್ತಿದ್ರೂ ಕೆಟ್ಟೋಗಿದೆ ಅಂತಾನೇ ಕಣೋ” ಎನ್ನುವರು. ಮ್ಯಾನೇಜರಿಗೆ ಮಾತ್ರ, ಓಡುತ್ತಿರುವುದನ್ನು ಮುಟ್ಟುವುದು ಬೇಡವಾಗಿತ್ತು.

ಒಂದು ಬೆಳಿಗ್ಗೆ ಶ್ರೀನಿವಾಸಪುರದ ಕಡೆಯ ಅಜ್ಜಿಯೊಬ್ಬರು ಡಯಾಲಿಸಿಸ್‌ಗೆ ಬರಲಿಲ್ಲ. ಡ್ರೈವರಿಗೆ ಮೆಸೇಜೇ ಹೋಗಿರಲಿಲ್ಲ. ನಾನು ಪರದೆಯಲ್ಲಿ ತಪ್ಪು ಹುಡುಕತೊಡಗಿದೆ. “ಮೊದ್ಲು ಅಜ್ಜಿ, ಆಮೇಲೆ ಅದು” ಎಂದು ಭಾಯ್ ಡ್ರೈವರಿಗೆ ಫೋನ್ ಮಾಡಿದರು. ಮಧ್ಯಾಹ್ನ ಆಕೆ ಬಂದಾಗ ಕಾಲು ಬಾತುಕೊಂಡು, ಏದುಸಿರು ಬಿಡುತ್ತಿದ್ದರು. ಹೇಗೋ ಉಳಿದುಕೊಂಡರು. ಅಷ್ಟು ಹೊತ್ತಾದರೂ ನಮಗೆ ತಪ್ಪು ಸಿಕ್ಕಿರಲಿಲ್ಲ.

ಅವತ್ತೇ ಭಾಯ್ ಮ್ಯಾನೇಜರ ಕೋಣೆಗೆ ಹೋಗಿ, ಇದನ್ನು ಬಿಚ್ಚಿ ಕಟ್ಟಲು ಬಿಡದಿದ್ದರೆ ಕೆಲಸ ಬಿಡುತ್ತೇನೆಂದು ಹೇಳಿ ಬಂದರು. ವಾರಗಟ್ಟಲೆ ಕೂತು, ಒಂದೊಂದು ಕೆಲಸಕ್ಕೆ ಒಂದೊಂದು ಚಿಕ್ಕ ಭಾಗ ಮಾಡಿದರು. ವ್ಯಾನಿನದಕ್ಕೆ ಒಂದು ಬಣ್ಣ, ಲ್ಯಾಬಿನದಕ್ಕೆ ಇನ್ನೊಂದು. ಪ್ರತಿ ಚೌಕಕ್ಕೂ ಅದು ಮಾಡುವ ಕೆಲಸದ್ದೇ ಹೆಸರು, ಪಕ್ಕದಲ್ಲಿ ಕಾರಣ: ‘ಇಲ್ಲಿ ಸ್ವಲ್ಪ ಕಾಯುತ್ತದೆ, ತೆಗೆಯಬೇಡಿ. ಹಳ್ಳಿಗಳಲ್ಲಿ ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತದೆ.’ ನನಗೆ ರೇಗುತ್ತಿತ್ತು. ನಮಗೆ ಗೊತ್ತಿರುವುದನ್ನೆಲ್ಲ ಯಾಕೆ ಬರೆಯಬೇಕು ಎಂದೆ. “ಅಜ್ಜಿ ಉಸಿರಾಡ್ತಿದ್ದ ಸದ್ದು ಮರ್ತೋಯ್ತಾ?” ಎಂದರು.

ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಭಾಯ್ ತೀರಿಕೊಂಡರು. ಅವರ ಮಣ್ಣಿಗೆಂದು ಹೋಗಿ ನಾನು ಮುಳಬಾಗಿಲಿನ ಖಬರಸ್ತಾನದ ಗೇಟಿನಲ್ಲಿದ್ದಾಗ ಆಸ್ಪತ್ರೆಯ ನರ್ಸ್ ಫೋನ್ ಮಾಡಿ, ವ್ಯಾನಿನ ಮೆಸೇಜು ನಿಂತಿದೆ ಎಂದರು. ಒಳಗೆ ಹೋಗಲೋ, ಕೋಲಾರಕ್ಕೆ ಓಡಲೋ? ಆಗಷ್ಟೇ ನಮ್ಮ ವಿಭಾಗಕ್ಕೆ ಸೇರಿದ್ದ ಮಾಲೂರಿನ ಸಹೋದ್ಯೋಗಿಗೆ ಫೋನ್ ಮಾಡಿ, ಎಲ್ಲಿ ಹುಡುಕಬೇಕೆಂದು ಗಡಿಬಿಡಿಯಲ್ಲಿ ಹೇಳಹೊರಟೆ.

“ನರ್ಸ್ ನಂಗೂ ಹೇಳಿದ್ರು. ಸಿಕ್ತು ಸರ್, ಸರಿ ಮಾಡ್ದೆ. ಎಲ್ಲಾ ಚೌಕದ ಪಕ್ಕದಲ್ಲೇ ಬರ್ದಿದೆಯಲ್ಲ. ನೀವು ಮುಗಿಸ್ಕೊಂಡೇ ಬನ್ನಿ” ಎಂದರು ಆಕೆ.

ಫೋನನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದೆ. ಎಲ್ಲರ ಜೊತೆ ನಿಂತು ಭಾಯ್ ಗೋರಿಗೆ ಮೂರು ಹಿಡಿ ಮಣ್ಣು ಹಾಕಿದೆ.