ಬಾಯಿ ಸೊಟ್ಟಗಾದ ಡಬ್ಬ

ಕನ್ನಡಕದಂಗಡಿಯ ಯಜಮಾನರು ಮಂಡಿನೋವು ತಾಳಲಾರದೆ ತಮ್ಮ ಹಾಯಿದೋಣಿಯನ್ನು ಮಾರಿದರು. ಮೂವತ್ತು ವರ್ಷ ಅವರ ಭಾನುವಾರಗಳನ್ನೆಲ್ಲ ನುಂಗಿ ನೀರು ಕುಡಿದಿದ್ದ ಆ ದೋಣಿಯನ್ನು ಹೆಂಡತಿ ಕರೆಯುತ್ತಿದ್ದದ್ದೇ ‘ನನ್ನ ಸವತಿ’ ಎಂದು. ಹಾಯಿ, ಹಗ್ಗ, ಲಂಗರು ಎಲ್ಲವೂ ಕೊಂಡವನ ಪಾಲಾದವು. ದೋಣಿಯೊಳಗೆ ಜಿನುಗಿದ ನೀರನ್ನು ಮೊಗೆದು ಚೆಲ್ಲುತ್ತಿದ್ದ ಹಾಲಿನಪುಡಿ ಡಬ್ಬವೊಂದು ಮಾತ್ರ ಮನೆಯಲ್ಲೇ ಉಳಿಯಿತು. ಮಗಳು ಕೂಸಾಗಿದ್ದ ಕಾಲದ್ದು; ದೋಣಿಯ ತಳಕ್ಕೆ ಸರಿಯಾಗಿ ಕೂರಲೆಂದು ಅವರೇ ಅದರ ಬಾಯಿ ಬಡಿದು ಸೊಟ್ಟ ಮಾಡಿದ್ದರು.

“ಇದನ್ನ ಕೊಡೋದು ಮರೆತ್ರಾ?” ಎಂದರು ಹೆಂಡತಿ.

“ಮರೀಲಿಲ್ಲ ಕಣೇ. ಡಬ್ಬ ಎಲ್ಲಿ ಅಂತ ಅವನು ಫೋನ್ ಮಾಡಿದ್ರೆ, ಕೊಡೋ ನೆಪದಲ್ಲಿ ಒಂದ್ಸಲ ಹತ್ತಿ ಕೂರಬಹುದಲ್ಲ.”

ಎರಡು ತಿಂಗಳಾದರೂ ಫೋನ್ ಬರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಹೆಂಡತಿಯೇ ಡಬ್ಬ ಒರೆಸಿ ಅವರ ಕೈಗಿಟ್ಟು, ಚಪ್ಪಲಿ ಮೆಟ್ಟಿದರು.

“ನಡೀರಿ, ನನ್ನ ಸವತೀನ ನೋಡ್ಕೊಂಡು ಬರೋಣ.”