ಮೌಶಿ ತೆಗೆದುಕೊಳ್ಳದ ಪೆಟ್ಟಿಗೆ

ಮೌಶಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕಲ್ಯಾಣ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಮರದ ಚೌಕಟ್ಟೊಂದು ಜಾರಿ ಬಿದ್ದು ಆದ ಗಾಯ ಅದು. ನಿವೃತ್ತಿಯಾದ ಮೇಲೂ ಯಾವ ಪೆಟ್ಟಿಗೆ ಕೈಗೆ ಬಂದರೂ ಅದೇ ಹೆಬ್ಬೆರಳಿನಿಂದ ಅದರ ಆರೂ ಮೈಗಳನ್ನು ಒತ್ತಿ ನೋಡುತ್ತಿದ್ದರು. ಎಲ್ಲಿ ರಟ್ಟು ಮೆತ್ತಗಾಗಿದೆ, ಎಲ್ಲಿ ಟೇಪು ಕಿತ್ತು ಮತ್ತೆ ಅಂಟಿಸಿದ್ದಾರೆ ಎಂಬುದು ಅವರಿಗೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು.

ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಅರ್ಧ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಎಲ್ಲರೂ ಲೋಕಲ್ ಹಿಡಿದು ಹೋಗಿರುತ್ತಾರೆ. ಪಾರ್ಸೆಲ್ಲುಗಳು ಬರುವುದು ಹನ್ನೊಂದರಿಂದ ನಾಲ್ಕರ ನಡುವೆ. ಆಗ ಬಾಗಿಲು ತೆರೆದಿರುತ್ತಿದ್ದುದು ನೆಲಮಹಡಿಯ ಅವರದೊಂದೇ. ಹಾಗಾಗಿ ಯಾರೂ ಗೊತ್ತುಮಾಡದೆಯೇ ಇಡೀ ಕಟ್ಟಡದ ಪೆಟ್ಟಿಗೆಗಳು ಅವರ ಪಡಸಾಲೆಗೆ ಬಂದು ಕೂರತೊಡಗಿದವು. ಗದಗದ ಕಡೆಯವರು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿಯನ್ನು ಅರವತ್ತರವರೆಗೆ ಮಾಡಿ ಮುಗಿಸಿದ್ದರು. ಮಕ್ಕಳಿರಲಿಲ್ಲ. ಕಟ್ಟಡದ ಮರಾಠಿಗರು, ಗುಜರಾತಿಗಳು, ನಮ್ಮಂಥ ಉಡುಪಿ ಕಡೆಯವರು ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮೌಶಿ, ಎಂದರೆ ಚಿಕ್ಕಮ್ಮ, ಎಂದು. ನನ್ನ ಮಗಳಿಗೆ ಮಾತ್ರ ಅಜ್ಜಿ.

ಅವರದೊಂದು ಕ್ರಮವಿತ್ತು. ಪೆಟ್ಟಿಗೆಯನ್ನು ಒತ್ತಿ ನೋಡುವುದು, ಅಲುಗಿಸಿ ಕೇಳುವುದು, ಆಮೇಲೆ ದಪ್ಪ ಮಾರ್ಕರ್ ಪೆನ್ನಿನಿಂದ ಅದರ ಮೇಲೆಯೇ ಕನ್ನಡದಲ್ಲಿ ಸ್ಥಿತಿ ಬರೆಯುವುದು: 'ಒಂದು ಮೂಲೆ ಜಜ್ಜಿದೆ, 12-40.' ಅಷ್ಟಾದ ಮೇಲೆಯೇ ಸಹಿ. ಡೆಲಿವರಿಯವರಿಗೆ ಇದು ತಲೆನೋವು.

"ಮೌಶಿ, ಲೌಕರ್ ಕರಾ ನಾ, ಅಜೂನ್ ಚಾಳೀಸ್ ಪಾರ್ಸೆಲ್ ಬಾಕಿ ಆಹೇತ," ಎಂದು ಇನ್ನುಳಿದ ನಲವತ್ತು ಪಾರ್ಸೆಲ್ ನೆನಪಿಸಿ ಅವರು ಅವಸರಿಸಿದರೆ, "ಚಾಳೀಸ್ ಇರಲಿ, ಚಾರ್‌ಶೇ ಇರಲಿ. ಈ ಫೋನಿನ ಮ್ಯಾಲ ಬೆರಳು ತಿಕ್ಕೂದು ಅದ್ಯಾತರ ಸಹಿ? ಕೋಳಿ ಕೆದರಿಧಂಗ ಕಾಣಸ್ತದ," ಎಂದು ಅರ್ಧ ಮರಾಠಿ, ಅರ್ಧ ಗದಗದ ಕನ್ನಡದಲ್ಲಿ ಉತ್ತರಿಸುತ್ತಿದ್ದರು. ಬೈಯುತ್ತಲೇ ಒಳಗಿನಿಂದ ನೀರಿನ ತಂಬಿಗೆ ತಂದಿಡುತ್ತಿದ್ದರು.

ನಮ್ಮ ವಾರ್ಡಿನಲ್ಲಿ ನಮ್ಮ ಕಟ್ಟಡದ ಹೆಸರಿನವೇ ಇನ್ನೂ ಎರಡು ಕಟ್ಟಡಗಳಿವೆ. ಠಾಕುರ್ಲಿ ಕಡೆಗೊಂದು ಬೇರೆ. ಊರಿಂದ ಬಂದ ಉಪ್ಪಿನಕಾಯಿ ಯಾರದೋ ಮನೆಯಲ್ಲಿ ತೆರೆದದ್ದುಂಟು. ಮೌಶಿ ಬಾಗಿಲಲ್ಲೇ ಕುಳಿತಿದ್ದರೂ 'ಮನೆಗೆ ಬೀಗ ಹಾಕಿತ್ತು' ಎಂದು ಫೋನಿಗೆ ಸಂದೇಶ ಬಂದದ್ದುಂಟು. ಅಂಥ ದಿನ ಅವರು ಚಪ್ಪಲಿ ಮೆಟ್ಟಿ ಕೊರಿಯರ್ ಆಫೀಸಿಗೇ ಹೋಗಿ ನಿಲ್ಲುತ್ತಿದ್ದರು. "ಬಂದಿಲ್ಲ ಅಂದ್ರ ಬಂದಿಲ್ಲ ಅನ್ನು. ಬಂದಿದ್ದೆ ಅಂತ ಯಾಕ ಬರೀತಿ?" ಕೌಂಟರಿನ ಹುಡುಗಿ ನಕ್ಕರೆ ಅವರಿಗೆ ಇನ್ನೂ ಸಿಟ್ಟು. ಸಾಮಾನು ತಡವಾಗುವುದನ್ನು ಅವರು ಸಹಿಸುತ್ತಿದ್ದರು. ಆಗದ್ದನ್ನು ಆಗಿದೆ ಎಂದು ಬರೆಯುವುದನ್ನು ಸಹಿಸುತ್ತಿರಲಿಲ್ಲ.

ನಾನು ಕನ್ನಡ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡುವವನು. ಬೇರೆಯವರು ಬರೆದದ್ದರಲ್ಲಿ ಯಾವುದು ಕಂಡದ್ದು, ಯಾವುದು ಊಹೆ ಎಂದು ಬೇರ್ಪಡಿಸುವುದೇ ನನ್ನ ಹೊಟ್ಟೆಪಾಡು. ಮುಂದಿನದನ್ನು ಬರೆಯುವಾಗ ಇದನ್ನು ಹೇಳದೆ ಬಿಡುವಂತಿಲ್ಲ.

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಎರಡನೆಯ ವರ್ಷದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಒಂದು ಭಾಗ ತಲೆಯೊಳಗೆ ಇರುತ್ತದೆ, ಇನ್ನೊಂದು ಭಾಗ ಕಿವಿಯ ಹಿಂದೆ ಕೂರುವ ಪುಟ್ಟ ಯಂತ್ರ. ಆ ಯಂತ್ರ ಇದ್ದರೆ ಕೇಳಿಸುತ್ತದೆ, ತೆಗೆದರೆ ಏನೂ ಇಲ್ಲ. ಮೂರು ವರ್ಷದ ತರಬೇತಿಯ ನಂತರ ಅವಳು ವಾಕ್ಯಗಳಲ್ಲಿ ಮಾತಾಡಲು ಕಲಿತಿದ್ದಳು. ಐದನೆಯ ವರ್ಷದ ಮಳೆಗಾಲದಲ್ಲಿ ಯಂತ್ರ ಕೆಟ್ಟಿತು. ನಮ್ಮ ಬಳಿ ಇನ್ನೊಂದು ಇರಲಿಲ್ಲ. ಸಾನಪಾಡಾದ ಸರ್ವೀಸ್ ಸೆಂಟರಿಗೆ ನಾನೇ ಹೋಗಿ ಕೊಟ್ಟುಬಂದೆ. ರಿಪೇರಿಯಾದ ಮೇಲೆ ಫೋನ್ ಬಂತು: "ಬಂದು ತಗೊಂಡು ಹೋಗ್ತೀರಾ, ಕೊರಿಯರ್ ಮಾಡಬೇಕಾ?" ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಿಬರಲು ಅರ್ಧ ದಿನದ ರಜೆ ಬೇಕು. ಕೊರಿಯರ್ ಮಾಡಿ ಎಂದೆ. ಆ ಯಂತ್ರ ಬರುತ್ತದೆಂದು ಮೌಶಿಗೆ ಹೇಳುವುದನ್ನೂ ಮರೆತೆ.

ಆ ಗುರುವಾರ ಜೋರು ಮಳೆ. ಸಂಜೆ ಆಫೀಸಿನಲ್ಲಿ ಫೋನ್ ತೆರೆದಾಗ ಮೌಶಿಯ ಎರಡು ಮಿಸ್ಡ್ ಕಾಲ್ ಇದ್ದವು. ಪುಟ ಕಟ್ಟುವ ಹೊತ್ತಿನಲ್ಲಿ ನಾನು ಫೋನನ್ನು ಮೌನದಲ್ಲಿಟ್ಟಿರುತ್ತೇನೆ. ಮನೆಗೆ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು.

"ನಿಂದೊಂದು ಸಣ್ಣ ಬಾಕ್ಸ್ ಬಂದಿತ್ತು ತಮ್ಮಾ. ಪೂರಾ ತೊಯ್ದು ತಪ್ಪಡಿ ಆಗಿತ್ತು. ಒಂದು ಬದಿ ಒಳಗ ಹೋಗಿತ್ತು. ಬರದು ವಾಪಸ್ ಕಳಿಸೀನಿ. ನಾಳೆ ಆಫೀಸಿಗೆ ಹೋಗಿ ಅವರ ಎದುರಿಗೇ ತಗಿಸಿ, ನೋಡಿ ತಗೊ."

"ಮೌಶಿ, ಅದು ಪುಟ್ಟಿಯ ಮಿಷನ್."

ಅವರು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಳಿತುಬಿಟ್ಟರು.

ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಅವರು ಕಲಿತ ಪಾಠ ಸರಿಯಾಗಿಯೇ ಇತ್ತು. ಅಲ್ಲಿ ಜಖಂ ಆದ ಸಾಮಾನನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಾರದು. ಬೇಡವೆಂದರೆ ಅದು ಅಲ್ಲೇ ಇರುತ್ತದೆ, ಮರುದಿನ ಅಧಿಕಾರಿಯ ಎದುರು ತೂಗಿ, ತೆರೆದು, ಬರೆದು ಕೊಡುತ್ತಾರೆ. ಈಗಿನ ಕೊರಿಯರಿನಲ್ಲಿ ಬೇಡವೆಂದ ಪೆಟ್ಟಿಗೆ ಒಂದು ಗಂಟೆಯೂ ನಿಲ್ಲುವುದಿಲ್ಲ. ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಆಫೀಸಿಗೆ ಹೋದಾಗ ಅದು ಭಿವಂಡಿಯ ಗೋದಾಮಿಗೆ ಹೋಗಿಯಾಗಿತ್ತು. ಅಲ್ಲಿಂದ ಕಳುಹಿಸಿದವರಿಗೆ ಹಿಂದಿರುಗುತ್ತದೆ, ಹದಿನೈದು ದಿನ ಹಿಡಿಯಬಹುದು ಎಂದರು. ಭಿವಂಡಿಯ ನಂತರ ಅದರ ಸುಳಿವೇ ಕಂಪ್ಯೂಟರಿನಲ್ಲಿ ಇರಲಿಲ್ಲ. ಕಳೆದುಹೋದರೆ ಅವರು ಕೊಡುವ ಪರಿಹಾರದಲ್ಲಿ ಆ ಯಂತ್ರದ ವೈರೂ ಬರುತ್ತಿರಲಿಲ್ಲ.

ಬರಬೇಕಿದ್ದ ಯಂತ್ರ ಬಾರದಾಗ ಮಗಳು ಮೊದಲ ಎರಡು ದಿನ ಅತ್ತಳು. ಆಮೇಲೆ ಅಳುವುದನ್ನು ಬಿಟ್ಟಳು, ಅದು ಇನ್ನೂ ಕಷ್ಟವಾಗಿತ್ತು. ಅಮ್ಮ ಮಾತಾಡುವಾಗ ಅವಳ ಗಂಟಲಿನ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ತಾನು ಆಡಿದ್ದು ತನಗೇ ಕೇಳಿಸದ್ದರಿಂದ ಪದಗಳ ಕೊನೆ ಉದುರತೊಡಗಿತು. 'ನೀರು ಬೇಕು' ಎನ್ನುತ್ತಿದ್ದವಳು ನಾಲ್ಕನೆಯ ದಿನ ಬರೀ 'ನೀ' ಎಂದು ಲೋಟ ತೋರಿಸಿದಳು. ನನ್ನ ಹೆಂಡತಿ ಬ್ಯಾಂಕಿಗೆ ರಜೆ ಹಾಕಿ ಮನೆಯಲ್ಲಿ ಕುಳಿತಳು. ಮೌಶಿ ಮೊಣಕಾಲು ನೋವಿನಲ್ಲೇ ದಿನಾ ಮೂರನೆಯ ಮಹಡಿ ಹತ್ತಿ ಬಂದು, ಮಗುವಿನ ಎದುರು ಕುಳಿತು, ತುಟಿಯನ್ನು ದೊಡ್ಡದಾಗಿ ಆಡಿಸುತ್ತ ಒಂದೊಂದೇ ಪದ ಹೇಳುತ್ತಿದ್ದರು.

ಆ ಸೋಮವಾರ ಕೊರಿಯರ್ ಕಂಪನಿಗೆ ಹನ್ನೊಂದನೆಯ ಸಲ ಫೋನ್ ಮಾಡಿದಾಗ ಆ ಕಡೆ ಇದ್ದವನು ದನಿ ತಗ್ಗಿಸಿ ಹಿಂದಿಯಲ್ಲಿ ಹೇಳಿದ: "ಸರ್, ನೀವು ಬೇಡ ಅಂದದ್ದು ಅಂತ ಇದ್ದರೆ ಯಾರೂ ಹುಡುಕೋದಿಲ್ಲ. ಡೆಲಿವರಿಯವನು ಬಂದೇ ಇಲ್ಲ, ಸುಳ್ಳು ಎಂಟ್ರಿ ಹಾಕಿದ್ದಾನೆ ಅಂತ ಮೇಲ್ ಬರೀರಿ. ಆಗ ಮೇಲಿನವರು ನೋಡ್ತಾರೆ."

ನಾನು ಬರೆದೆ. ಇಂಗ್ಲಿಷಿನಲ್ಲಿ, ಆರು ಸಾಲು, ನನ್ನ ಪತ್ರಿಕೆಯ ಹೆಸರನ್ನೂ ಹಾಕಿ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಅದರಿಂದ ಪೆಟ್ಟಿಗೆ ಸಿಗಲಿಲ್ಲ. 'ನಿಮ್ಮ ದೂರು ನಮಗೆ ಮುಖ್ಯ' ಎಂಬ ಉತ್ತರ ಮೂರು ಸಲ ಬಂತು. ಭಾನುವಾರ ಬೆಳಿಗ್ಗೆ ಮೌಶಿ ಕೆಳಗಿನಿಂದ ನನ್ನನ್ನು ಕೂಗಿದರು. ಅವರ ಬಾಗಿಲಲ್ಲಿ ಆ ಪೆಟ್ಟಿಗೆ ತಂದಿದ್ದ ಡೆಲಿವರಿಯವರು ನಿಂತಿದ್ದರು. ಐವತ್ತು ದಾಟಿದ ಮನುಷ್ಯ. ಭಿವಂಡಿಯಲ್ಲಿ ಮಗ್ಗ ನಡೆಸುತ್ತಿದ್ದವರು, ಮಗ್ಗ ಮುಚ್ಚಿದ ಮೇಲೆ ಬೈಕಿನ ಹಿಂದೆ ಚೀಲ ಕಟ್ಟಿಕೊಂಡವರು. ಮೂರು ದಿನದಿಂದ ಅವರ ಐಡಿ ಬಂದ್ ಆಗಿತ್ತು. ಐಡಿ ಇಲ್ಲವೆಂದರೆ ಕೆಲಸವಿಲ್ಲ.

"ಮೌಶಿ, ಮೀ ಆಲೋ ಹೋತೋ ಕೀ ನಾಹೀ? ತುಮ್ಹೀಚ್ ಸಾಂಗಾ," ಎಂದರು. ಬಂದಿದ್ದೆನೋ ಇಲ್ಲವೋ ನೀವೇ ಹೇಳಿ, ಎಂದು. ಅವರ ಫೋನಿನಲ್ಲಿ ಕಂಪನಿಯವರು ಕಳಿಸಿದ್ದ ನನ್ನ ಮೇಲ್ ಇತ್ತು.

ಮೌಶಿ ಕನ್ನಡಕ ಹಾಕಿಕೊಂಡು ಆರು ಸಾಲನ್ನೂ ಓದಿದರು. ಹೆಸರನ್ನೂ ಓದಿದರು.

"ಇದು ನೀ ಬರದದ್ದೇನು?"

"ಹೌದು ಮೌಶಿ."

ಬೈಯಲಿಲ್ಲ. ಒಳಗೆ ಹೋಗಿ ಒಂದು ಹಾಳೆ ತಂದು, ಮೊಣಕಾಲಿನ ಮೇಲೆ ರಟ್ಟಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದರು: ಪಾರ್ಸೆಲ್ ಹಿಂದಿನ ವಾರ ಗುರುವಾರ ಮಧ್ಯಾಹ್ನ ಒಂದು ಹತ್ತಕ್ಕೆ ಬಂದಿತ್ತು, ನೋಡಿದ್ದೇನೆ, ಮುಟ್ಟಿದ್ದೇನೆ, ನಾನೇ ಬೇಡವೆಂದು ಹಿಂದೆ ಕಳಿಸಿದ್ದೇನೆ, ತಂದವರದು ತಪ್ಪಿಲ್ಲ. ಸಹಿ ಮಾಡಿ, ಕೆಳಗೆ 'ನಿವೃತ್ತ ಪಾರ್ಸೆಲ್ ಕ್ಲರ್ಕ್' ಎಂದು ಬರೆದು ಹಾಳೆಯನ್ನು ನನ್ನ ಕಡೆ ಚಾಚಿದರು.

"ಇದರ ಕೆಳಗ ನೀನೂ ಸಹಿ ಮಾಡು."

"ಇದಕ್ಕೆ ಸಹಿ ಮಾಡಿದರೆ ಅವರು ಹುಡುಕುವುದನ್ನೇ ನಿಲ್ಲಿಸ್ತಾರೆ ಮೌಶಿ. ಮಗು ಹೇಗಿದೆ ಅಂತ ನೀವೇ ನೋಡ್ತಿದ್ದೀರಲ್ಲ."

"ನೋಡಾಕತ್ತೀನಿ. ದಿನಾ ನೋಡಾಕತ್ತೀನಿ. ತಪ್ಪು ನಂದು. ಪುಟ್ಟಿ ಮಿಷನ್ ನಾನೇ ತರ್ತೀನಿ. ಆದ್ರ ಈ ಮನುಷ್ಯಾನ ಹೊಟ್ಟಿ ಮ್ಯಾಲ ಕಾಲಿಟ್ಟು ಅಲ್ಲ. ಮಾಡು ಸಹಿ."

ಮಾಡಿದೆ. ಕಂಪನಿಗೆ ಕ್ಷಮೆ ಕೇಳಿ ಇನ್ನೊಂದು ಮೇಲ್ ಅಲ್ಲೇ ನಿಂತು ಬರೆದೆ. ಡೆಲಿವರಿಯವರ ಕೈ ಹಿಡಿದು "ಮಾಫ್ ಕರಾ ಕಾಕಾ" ಎಂದೆ. ಅವರು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.

ಸೋಮವಾರ ಬೆಳಿಗ್ಗೆ ಅರವತ್ತೆಂಟು ವರ್ಷದ ಮೌಶಿ ಅದೇ ಮನುಷ್ಯನ ಬೈಕಿನ ಹಿಂದೆ ಕುಳಿತು ಭಿವಂಡಿಗೆ ಹೊರಟರು. ನಾನು ಬರುತ್ತೇನೆಂದರೆ, "ಎರಡು ಮಂದಿಗೇ ಜಾಗಾ ಅದ. ನೀ ಮಗು ನೋಡ್ಕೋ," ಎಂದರು. ಮೊದಲ ದಿನ ಗೇಟಿನೊಳಗೇ ಬಿಡಲಿಲ್ಲವಂತೆ. ಮಂಗಳವಾರ ಒಳಗೆ ಬಿಟ್ಟರು; ಡೆಲಿವರಿಯವರ ಹಳೆಯ ಮಗ್ಗದ ಗೆಳೆಯರೊಬ್ಬರು ಅಲ್ಲಿ ಹಮಾಲಿ ಮಾಡುತ್ತಿದ್ದರಂತೆ. ಸಾಲಿನಲ್ಲಿರುವುದನ್ನೆಲ್ಲ ಯಂತ್ರ ಓದುತ್ತದೆ. ಯಂತ್ರ ಓದಲಾರದ್ದನ್ನು ಒಂದು ಮೂಲೆಯಲ್ಲಿ ರಾಶಿ ಹಾಕುತ್ತಾರೆ. ಮಳೆಯಲ್ಲಿ ನಮ್ಮ ಪೆಟ್ಟಿಗೆಯ ಚೀಟಿ ಅಳಿಸಿಹೋಗಿತ್ತು, ಹಾಗಾಗಿ ಅದು ಕಂಪ್ಯೂಟರಿನ ಪಾಲಿಗೆ ಇಲ್ಲವಾಗಿತ್ತು. ಆ ರಾಶಿಯಲ್ಲಿ ಕನ್ನಡ ಬರೆದಿದ್ದುದು ಒಂದೇ ಪೆಟ್ಟಿಗೆಯ ಮೇಲೆ: 'ಒದ್ದೆ. ತಗೊಂಡಿಲ್ಲ. 1-10.'

ಅವರು ಅದನ್ನು ಅಲ್ಲಿನ ಮೇಲ್ವಿಚಾರಕನ ಎದುರು ತೆಗೆಸಿ, ನೋಡಿ, ಬರೆಸಿಕೊಂಡೇ ತಂದರು. ಸಂಜೆ ಆರಕ್ಕೆ ನಮ್ಮ ಮನೆಯ ಮೇಜಿನ ಮೇಲಿಟ್ಟರು. ರಟ್ಟು ಕೊಳೆತಿತ್ತು. ಒಳಗೆ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಯಂತ್ರ ಒಂದು ಹನಿಯೂ ತಾಕದೆ ಒಣಗಿಯೇ ಇತ್ತು. ನನ್ನ ಹೆಂಡತಿ ಅದನ್ನು ಮಗಳ ಕಿವಿಯ ಹಿಂದೆ ಕೂರಿಸಿದಳು. ಅವಳು ತಟ್ಟನೆ ಕಿಟಕಿಯ ಕಡೆ ತಿರುಗಿದಳು. ಹೊರಗೆ ಯಾರೋ ಸ್ಕೂಟರ್ ಶುರುಮಾಡುತ್ತಿದ್ದರು.

ಎಲ್ಲರೂ ನಕ್ಕೆವು. ಮೌಶಿ ನಗಲಿಲ್ಲ. "ಒಣಗೇ ಇತ್ತು," ಎಂದರು. "ಅವತ್ತ ತಗೊಂಡಿದ್ದರ ಅವತ್ತ ಕೇಳಸ್ತಿತ್ತು."

ಡೆಲಿವರಿಯವರ ಐಡಿ ಬುಧವಾರ ತೆರೆಯಿತು. ಮಗಳ ಮಾತು ಹಳೆಯ ಜಾಗಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಮೌಶಿ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಯಾವ ಪೆಟ್ಟಿಗೆಯನ್ನೂ ಹಿಂದೆ ಕಳಿಸಲಿಲ್ಲ. ಎಷ್ಟೇ ಜಜ್ಜಿದ್ದರೂ ಬರೆದು ಒಳಗಿಟ್ಟುಕೊಳ್ಳುತ್ತಿದ್ದರು. ಮಗಳನ್ನು ಕಂಡಾಗಲೆಲ್ಲ ತಲೆ ಸವರಿ, "ನಿನ್ನ ಹನ್ನೆರಡು ದಿನಾ ನಾ ತಿಂದೆ ನನ್ನವ್ವಾ," ಎನ್ನುತ್ತಿದ್ದರು. ನನಗೂ ಎಷ್ಟೋ ಸಲ ಹೇಳಿದ್ದಾರೆ. "ಇರಲಿ ಬಿಡಿ ಮೌಶಿ, ಈಗ್ಯಾಕೆ ಅದೆಲ್ಲ," ಎನ್ನುತ್ತಿದ್ದೆ. ರಜೆ ಉಳಿಸಿದವನು, ಹೇಳಲು ಮರೆತವನು, ಫೋನ್ ಎತ್ತದವನು ನಾನು ಎಂದು ಒಂದು ಸಲವೂ ಹೇಳಲಿಲ್ಲ.

ಕಳೆದ ವರ್ಷ ಅವರ ಕಿಡ್ನಿ ಸೋತಿತು. ವಾರಕ್ಕೆ ಎರಡು ಸಲ ಕಲ್ಯಾಣದ ಆಸ್ಪತ್ರೆಗೆ ಹೋಗಬೇಕಿತ್ತು. ಅನೇಕ ಸಲ ಕರೆದೊಯ್ದದ್ದು ಆ ಡೆಲಿವರಿಯವರೇ. ಈ ವರ್ಷ ಮಳೆ ಶುರುವಾಗುವ ಮೊದಲು ಮೌಶಿ ತೀರಿಕೊಂಡರು. ಗದಗದಿಂದ ತಮ್ಮನ ಮಕ್ಕಳು ಬಂದು ಕಾರ್ಯ ಮಾಡಿದರು.

ಅದಾದ ವಾರ ಮಗಳು ನನ್ನ ಪಕ್ಕ ಬಂದು ಕುಳಿತಳು. ಈಗ ಅವಳಿಗೆ ಹತ್ತು ವರ್ಷ. ಮಾತು ಅರ್ಧ ಕನ್ನಡ, ಅರ್ಧ ಹಿಂದಿ.

"ಪಪ್ಪಾ, ಅಜ್ಜಿ ಯಾವಾಗಲೂ ಹನ್ನೆರಡು ದಿನ, ಬಾರಾ ದಿನ ಅಂತಿದ್ರಲ್ಲ, ಅದು ಏನು? ನಂಗೆ ಯಾದ್ ಇಲ್ಲ."

ಮೊದಲಿನಿಂದ ಹೇಳಿದೆ. ಸಾನಪಾಡಾದ ಫೋನಿನಿಂದ ಹಿಡಿದು ನನ್ನ ಆರು ಸಾಲಿನವರೆಗೆ, ಯಾವುದನ್ನೂ ಬಿಡದೆ.

"ಕಂಪನಿಗೆ ಸಾರಿ ಹೇಳ್ದ್ಯಾ?"

"ಬರೆದೆ."

"ಆ ಕಾಕಾಗೆ?"

"ಹೇಳಿದೆ."

"ಅಜ್ಜಿಗೆ?"

ಇಲ್ಲ, ಎಂದೆ. ಐದು ವರ್ಷ, ದಿನಕ್ಕೆ ಎರಡು ಸಲ ನಾನು ಅವರ ತೆರೆದ ಬಾಗಿಲ ಮುಂದೆ ಹಾದುಹೋಗಿದ್ದೆ.